ದಾನವ್ವ ಮೆಚ್ಚಿದ ಕೊಳಲು

ಮಾಳಮಡ್ಡಿಯ ದಾನವ್ವ ಜನ್ಮದಲ್ಲಿ ಒಂದು ಸಾಲೂ ಹಾಡಿದವರಲ್ಲ. ಆದರೆ ಊರಿನ ಸಂಗೀತದ ಬೈಠಕ್ ಒಂದನ್ನೂ ತಪ್ಪಿಸಿದವರಲ್ಲ. ಅವರು ತಲೆದೂಗದಿದ್ದರೆ ದೊಡ್ಡ ಗವಾಯಿಗಳೂ ಬೆವರುತ್ತಾರೆ.

ಅಂಥ ದಾನವ್ವ, ತಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದು ಕೊಳಲು ಕಲಿಯುವ ವಿಶಾಲನನ್ನು ಮೆಟ್ಟಿಲಲ್ಲೇ ತಡೆದರು. “ಇವತ್ತ ಮುಂಜಾನಿ ಭಾಳ ಛಲೋ ನುಡಿಸಿದಿ ನೋಡಪಾ. ಇಷ್ಟು ದಿನ ಬರೇ ಗಾಳಿ ಊದತಿದ್ದಿ.”

ಆಗಷ್ಟೇ ಹಾಸಿಗೆಯಿಂದ ಎದ್ದಿದ್ದ ವಿಶಾಲ, ಗುರುವನ್ನು ನೆನೆಯುವಾಗ ಸಂಗೀತದವರು ಮಾಡುವಂತೆ, ಕಿವಿ ಮುಟ್ಟಿಕೊಂಡ. “ಎಲ್ಲಾ ಗುರುಗಳ ಆಶೀರ್ವಾದರೀ ಅವ್ವಾರ.”

ಮರುದಿನ ಮುಂಜಾನೆ ಮತ್ತೆ ಅದೇ ಇಂಪು. ದಾನವ್ವ ಖುಷಿಯಿಂದ ಚಹಾ ಹಿಡಿದು ಮೇಲೆ ಹತ್ತಿದರು. ವಿಶಾಲ ಮುಸುಕು ಹೊದ್ದು ಗೊರಕೆ ಹೊಡೆಯುತ್ತಿದ್ದ. ಹೊರಗೆ, ತುಂಬಿ ಚೆಲ್ಲುತ್ತಿದ್ದ ನೀರಿನ ಟಾಕಿಯ ಮೇಲೆ ಕಪ್ಪು ಹಕ್ಕಿಯೊಂದು ಕುಳಿತು, ಕೆಲಸವಿಲ್ಲದವನು ದಾರಿಯುದ್ದಕ್ಕೂ ಸಿಳ್ಳೆ ಹಾಕಿದಂತೆ ಹಾಡುತ್ತಿತ್ತು. ಬಿಸಿಲು ಬಿದ್ದಾಗ ಅದರ ಹೆಗಲು ನೀಲಿಯಾಗಿ ಮಿರಮಿರ ಮಿಂಚಿತು. ಘಟ್ಟದ ಹಳ್ಳಗಳ ದಂಡೆಯಲ್ಲಿ ದಾನವ್ವ ಹಿಂದೆ ನೋಡಿದ್ದ ಸಿಳ್ಳಾರ! ಟಾಕಿಯ ನೀರನ್ನೇ ಹಳ್ಳವೆಂದು ನಂಬಿ ಬಂದಿರಬೇಕು.

ದಾನವ್ವ ಒಳಗೆ ಹೋಗಿ ಮುಸುಕು ಎಳೆದರು.

“ಏಳಪಾ ವಿಶಾಲ, ನಿನ್ನ ಗುರುಗಳು ಟಾಕಿ ಮ್ಯಾಲೆ ಬಂದು ಕುಂತಾರ. ಲಗೂ ಕಿವಿ ಮುಟ್ಟಿಕೊ.”