ಅಣ್ಣನ ಚಾವಣಿ, ತಮ್ಮನ ತೊಗಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಪಾನಿನ ತಾಂಬಾ ಬೆಟ್ಟದ ಹಿನೊಕಿ ಮರವೊಂದರ ಅರ್ಧ ಎತ್ತರದಲ್ಲಿ, ಹಗ್ಗಕ್ಕೆ ಕಟ್ಟಿದ ಕೋಲಿನ ಮೇಲೆ ಕಾಲೂರಿ ಅಶಿದಾ ಮೊರಿಯೊ ನಿಂತಿದ್ದಾರೆ. ಮರದ ಚಪ್ಪಟೆ ಬೆಣೆಯನ್ನು ತೊಗಟೆಯ ಅಡಿಗೆ ತೂರಿಸಿ ಮೇಲಕ್ಕೆ ನೂಕುತ್ತಾರೆ. ಬರ್ರೆಂದು ಉದ್ದನೆಯ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಕೆಂಪು ಪದರಕ್ಕೆ ಒಂದು ಗೀರೂ ಇಲ್ಲ.

"ಕೆಳಗೆ ನಿಂತ್ಕೋಬೇಡಿ! ತಲೆ ಮೇಲೆ ಬಿದ್ರೆ ನಾಳೆ ಪೇಪರಲ್ಲಿ ನಿಮ್ದೇ ಫೋಟೊ," ಎಂದು ನನಗೆ ಕೂಗುತ್ತಾರೆ. ಆಮೇಲೆ ತಮ್ಮಷ್ಟಕ್ಕೆ, "ನಂದಂತೂ ಬರಲ್ಲ."

ಈ ತೊಗಟೆಯೇ ನಮ್ಮ ಕಣಿವೆಯ ಹಳೆಯ ಶಿಂಟೋ ದೇಗುಲದ ಚಾವಣಿ. ಅದನ್ನು ಹೊದಿಸುವವರು ಮೊರಿಯೊ ಅವರ ಅಣ್ಣ ಶಿಗೆಕಾಜು. ಕೆಲಸ ಹಂಚಿದ್ದು ಅಪ್ಪ. ಹಿರಿಯವನನ್ನು ಚಾವಣಿಗೆ ಹತ್ತಿಸಿದರು, ಹಗುರ ಮೈಯ ಕಿರಿಯವನನ್ನು ಕಾಡಿಗೆ ಕಳಿಸಿದರು. "ಅಣ್ಣ ಬಾಯ್ತುಂಬ ಬಿದಿರು ಮೊಳೆ ಇಟ್ಕೊಂಡು ಟಕಟಕ ಹೊಡೀತಿದ್ರೆ ಜನ ಬಾಯ್ಬಿಟ್ಕೊಂಡು ನೋಡ್ತಾರೆ. ನನ್ನ ನೋಡೋಕೆ ಇಲ್ಲಿರೋದು ಜಿಂಕೆಗಳು."

ಕಳೆದ ಶರತ್ಕಾಲದಲ್ಲಿ ಹೊಸ ಚಾವಣಿ ಮುಗಿಯಿತು. ಪತ್ರಿಕೆಯಲ್ಲಿ ಶಿಗೆಕಾಜು ಅವರ ದೊಡ್ಡ ಚಿತ್ರ ಬಂತು. ಕೆಳಗಿಳಿದು ಬಂದ ಮೊರಿಯೊ ಅವರಿಗೆ ಮರದ ಬುಡದಲ್ಲಿ ಟೀ ಬಗ್ಗಿಸುತ್ತ ಹೆಂಡತಿ ಇತ್ಸುಕೊ ನಗುತ್ತಾರೆ: "ಆ ಪೇಪರಲ್ಲಿ ಮೂಲಂಗಿ ಸುತ್ತಿಟ್ರು ಇವರು. ಅದೂ ಭಾವನ ಮುಖ ಒಳಗಡೆ ಬರೋ ಹಾಗೆ!"

"ಕೈಗೆ ಸಿಕ್ಕಿದ್ದು ಅದೇ ಪೇಪರು," ಎನ್ನುತ್ತಾರೆ ಮೊರಿಯೊ.

"ಹೊಸ ಚಾವಣಿ ಉತ್ಸವಕ್ಕೆ ಕರೆದ್ರೆ ಮಂಡಿ ನೋವು ಅಂದ್ರಿ. ಅವತ್ತೇ ಮರ ಹತ್ತಿದ್ರಿ. ಅದೂ ಕೈಗೆ ಸಿಕ್ಕಿದ ಮಂಡೀನೇನೋ!"

ಕೊನೆಗೆ ಚಳಿಗಾಲದ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ, ಮೊದಲ ಬಸ್ಸು ಹತ್ತಿ ಮೊರಿಯೊ ದೇಗುಲಕ್ಕೆ ಹೋದರು. ಕೈ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ನಡೆದರು. ಆದರೆ ಕಣ್ಣೆಲ್ಲ ಮೇಲೆ. "ಎಲ್ಲಾದ್ರೂ ಒಂದು ಸೊಟ್ಟ ಸಿಗುತ್ತಾ ಅಂತ ಹುಡುಕ್ದೆ. ಸುಳ್ಯಾಕೆ ಹೇಳ್ಲಿ? ಸಿಗಲಿಲ್ಲ. ಸೂರಿನ ಅಂಚು ನೀರು ಹರಿದ ಹಾಗಿತ್ತು. ಹೊಟ್ಟೆ ಇನ್ನೂ ಉರೀತು."

ಅಷ್ಟರಲ್ಲಿ ಸೂರು ಪರೀಕ್ಷಿಸಲು ಬಂದಿದ್ದ ಶಿಗೆಕಾಜು ಇವರನ್ನು ಕಂಡರು. ಸುತ್ತ ಫೋಟೊ ತೆಗೆಯುತ್ತಿದ್ದ ಪ್ರವಾಸಿಗರಿಗೆ ಕೇಳುವಂತೆ ಜೋರಾಗಿ ಹೇಳಿದರು: "ಇವನು ನನ್ನ ತಮ್ಮ! ತೊಗಟೆಯೆಲ್ಲ ಇವನು ಸುಲಿದಿದ್ದೇ!" ಜನ ಮೊರಿಯೊ ಅವರಿಗೆ ತಲೆಬಾಗಿ ವಂದಿಸಿದರು.

ಖುಷಿಯಾಯಿತಲ್ಲವೇ ಎಂದರೆ ಅವರ ಮುಖ ಇನ್ನಷ್ಟು ಗಂಟಿಕ್ಕುತ್ತದೆ. "ತಮ್ಮ ಅಂದ, ಅಷ್ಟೇ. ಮೊರಿಯೊ ಅಂತ ಹೆಸರಿಲ್ವಾ ನಂಗೆ?"

ಆದರೂ ಅಂದು ಅವರು ದೇವರ ಮುಂದೆ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ ಏನನ್ನೋ ಬೇಡಿಕೊಂಡೇ ಬಂದರು. ಏನನ್ನು? ಎರಡು ಬಾರಿ ಕೇಳಿದ ಮೇಲೆ ಬಾಯಿಬಿಡುತ್ತಾರೆ.

"ಅಣ್ಣಂಗೆ ಆಯಸ್ಸು ಕೊಡು ಅಂದೆ."

ಇತ್ಸುಕೊ ಟೀ ಬಟ್ಟಲು ಕೆಳಗಿಟ್ಟು ಗಂಡನ ಮುಖ ನೋಡುತ್ತಾರೆ.

"ಹಂಗೆ ನೋಡ್ಬೇಡ. ಈಗ ಸುಲಿದ ಮರ ಮತ್ತೆ ತೊಗಟೆ ಕಟ್ಟೋಕೆ ಹತ್ತು ವರ್ಷ ಬೇಕು. ಅಷ್ಟೊತ್ತಿಗೆ ಅವನ ಕೈಲಿ ಏಣಿ ಹತ್ತೋಕಾಗಲ್ಲ. ನಾನು ಇದೇ ಮರದ ಮೇಲಿರ್ತೀನಿ." ಮೊರಿಯೊ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಏಳುತ್ತಾರೆ. "ಕೆಳಗೆ ನಿಂತು, ಕತ್ತೆತ್ತಿ ನೋಡ್ಲಿ ಅವನು."