ಸದ್ದಿಲ್ಲದ ಕಾರ್ಖಾನೆಯಲ್ಲಿ ಉಜ್ಜಿನಪ್ಪನ ಪಾಠ

ನನ್ನ ಮೈದುನ ಉಜ್ಜಿನಪ್ಪ ಹೊಸಪೇಟೆಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಕಬ್ಬು ಅರೆಯುವ ಕಬ್ಬಿಣದ ರೋಲರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಕಂಪ್ಲಿ ಕಡೆಯಿಂದ ಕಬ್ಬಿನ ಗಾಡಿಗಳು ಬರತೊಡಗಿದವೆಂದರೆ ಆ ಯಂತ್ರಕ್ಕೆ ಹಗಲಿಲ್ಲ, ರಾತ್ರಿಯಿಲ್ಲ. ಅದರ ಗದ್ದಲದಲ್ಲಿ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸದು. ಅಲ್ಲಿಯವರು ಅರಚಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಅಂಗೈ ಕೆಳಗೆ ಮಾಡಿದರೆ ಉಗಿ ಕಡಿಮೆ ಮಾಡು ಅಂತ, ಮುಷ್ಟಿ ತಿರುವಿದರೆ ನಟ್ಟು ಬಿಗಿ ಮಾಡು ಅಂತ, ಕಿವಿ ಮುಟ್ಟಿಕೊಂಡರೆ ಸದ್ದು ಬದಲಾಗಿದೆ, ಏನೋ ಕೆಟ್ಟಿದೆ ಅಂತ.

ಮೊದಲು ಬಳ್ಳಾರಿಯ ಹತ್ತಿ ಮಿಲ್ಲು, ಆಮೇಲೆ ಈ ಕಾರ್ಖಾನೆ. ಪ್ರಾಯವೆಲ್ಲ ಗದ್ದಲದಲ್ಲೇ ಕಳೆದವನು ಅವನು. ಕಿವಿ ಚೆನ್ನಾಗಿಯೇ ಇತ್ತು, ದನಿಯ ಅಳತೆ ಮಾತ್ರ ತಪ್ಪಿಹೋಗಿತ್ತು. ನನ್ನ ತಮ್ಮನಿಗೆ ಹೆಣ್ಣು ನೋಡಲು ಕಡ್ಡಿರಾಂಪುರಕ್ಕೆ ಹೋದಾಗ ನನ್ನ ಗಂಡನ ಕಿವಿಯಲ್ಲಿ ಗುಟ್ಟು ಹೇಳಿದ: "ಅಣ್ಣಾ, ಹುಡುಗಿ ಮಸ್ತ್ ಅದಾಳ. ಅವರಪ್ಪ ಜಿಪುಣ ಕಾಣ್ತಾನ!" ಅಂಗಳದ ದನಗಳೂ ತಲೆಯೆತ್ತಿದವು. ಹುಡುಗಿಯ ತಂದೆ ನಕ್ಕು, "ಹೌದ್ರಿ, ಆದ್ರ ಇವತ್ತ ನಿಮಗ ಹೋಳಿಗಿ ಐತಿ" ಅಂದ. ಪುಣ್ಯಕ್ಕೆ ಮದುವೆಯಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ನಮ್ಮ ಕಡೆಯೆಲ್ಲ ಇನ್ನೂ ಮದರಾಸಿಗೆ ಸೇರಿದ್ದಾಗ, ಒಂದು ಬೇಸಿಗೆ ಮದರಾಸಿನ ಇಂಜಿನಿಯರಿಂಗ್ ಕಾಲೇಜಿನಿಂದ ಮರುಳಸಿದ್ದಪ್ಪ ಮೇಷ್ಟ್ರು ಬಂದರು. ಅವರೂ ನಮ್ಮ ಮೂಲ ಊರು ಮರಿಯಮ್ಮನಹಳ್ಳಿಯವರೇ. ಕಾಲೇಜಿನ ಹುಡುಗರು ಯಂತ್ರದ ಚಿತ್ರ ಬರೆಯುತ್ತಾರೆ, ಲೆಕ್ಕ ಮಾಡುತ್ತಾರೆ. ಆದರೆ ಯಂತ್ರದ ಜೊತೆ ದಿನ ಕಳೆದವರು ಒಬ್ಬರಾದರೂ ಅವರಿಗೆ ಪಾಠ ಹೇಳಬೇಕು ಎನ್ನುವುದು ಅವರ ಹಟ. ಕಾಲೇಜಿನ ದೊಡ್ಡ ಸಾಹೇಬರು ಅರೆಮನಸ್ಸಿನಿಂದ ಒಪ್ಪಿದ್ದರಂತೆ. ಒಂದು ವಾರ ನಡೆಸಿ, ಕೊನೆಯ ದಿನ ನಾನೇ ಬಂದು ನೋಡುತ್ತೇನೆ, ಸರಿಬಂದರೆ ಪ್ರತಿ ವರ್ಷ ಇರಲಿ, ಇಲ್ಲದಿದ್ದರೆ ಇಷ್ಟಕ್ಕೇ ಸಾಕು ಎಂದಿದ್ದರಂತೆ. ಮೇಷ್ಟ್ರು ಆರಿಸಿದ್ದು ನಮ್ಮ ಉಜ್ಜಿನಪ್ಪನನ್ನು.

ನಾಲ್ಕನೇ ಕ್ಲಾಸಿಗೆ ಸಾಲೆ ಬಿಟ್ಟವನು ಅವನು. ಸಾಲೆಯ ಮುಂದೆ ಹಾಯುವಾಗೆಲ್ಲ ಒಂದು ಗಳಿಗೆ ನಿಂತು ಪಾಠ ಕೇಳಿ ಬರುತ್ತಿದ್ದ. ಈಗ ತಾನೇ ಪಾಠ ಹೇಳುವುದೆಂದರೆ! ಹೊಸ ಧೋತರ ತಂದ, ಮೀಸೆ ತಿದ್ದಿಸಿದ. ನನ್ನ ನೆಗೆಣ್ಣಿ ಕೊಟ್ರಬಸಮ್ಮ, ಅಂದರೆ ಅವನ ಹೆಂಡತಿ, "ಮತ್ತೊಂದು ಮದಿವಿ ಐತೇನ್ರಿ?" ಅಂತ ಕೆಣಕಿದಳು.

ಬೇಸಿಗೆಯಲ್ಲಿ ಕಬ್ಬಿರುವುದಿಲ್ಲ. ಯಂತ್ರ ನಿಲ್ಲಿಸಿ, ಬಿಚ್ಚಿ, ರಿಪೇರಿ ಮಾಡುವ ಕಾಲ. ಒಳಗಿನದೆಲ್ಲ ಕಣ್ಣಿಗೆ ಕಾಣುತ್ತದೆ, ಕಲಿಯಲು ಇದೇ ಸರಿ ಎಂದು ಮೇಷ್ಟ್ರೂ ಅಂದುಕೊಂಡರು, ಇವನೂ ಅಂದುಕೊಂಡ. ಸದ್ದಿಲ್ಲದ ಕಾರ್ಖಾನೆಯಲ್ಲಿ ಇವನ ದನಿ ಏನಾದೀತು ಎಂದು ಯಾರಿಗೂ ಹೊಳೆಯಲಿಲ್ಲ.

ಮೊದಲ ದಿನ ಕಾರ್ಖಾನೆಯಲ್ಲಿ, ಮದರಾಸಿನಿಂದ ಬಂದಿದ್ದ ಹುಡುಗರ ಮುಂದೆ "ಇದು ರೋಲರ್!" ಎಂದು ಕೂಗಿದನಂತೆ. ತಗಡಿನ ಮಾಡಿನಲ್ಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಹುಡುಗರು ಬಿದ್ದು ಬಿದ್ದು ನಕ್ಕರು. ದನಿ ತಗ್ಗಿಸಲು ಹೋದ. ದನಿಯ ಜೊತೆ ಮಾತೂ ಮಾಯವಾಯಿತು. ಕೈಯಷ್ಟೇ ಸನ್ನೆ ಮಾಡತೊಡಗಿತು. ಹುಡುಗರಿಗೆ ಅದು ಏನು ತಿಳಿಯಬೇಕು? ಎರಡನೆಯ ದಿನವೂ ಅದೇ ಕತೆ.

ಕಾರ್ಖಾನೆಯ ಹಿಂದಿನ ಓಣಿಯ ನಮ್ಮ ಮನೆಗೆ ಬಂದವನೇ ಧೋತರ ಬಿಚ್ಚಿ ಮಡಚಿಟ್ಟ. "ನಾ ನಾಳೆ ಹೋಗಂಗಿಲ್ಲ. ಮಾಸ್ತರ್ರ ಮಾನ ಕಳದೆ."

"ಹೋಗಬ್ಯಾಡ್ರಿ, ಇಲ್ಲೇ ಮೆಣಸಿನಕಾಯಿ ಕುಟ್ರಿ," ಅಂದಳು ಕೊಟ್ರಬಸಮ್ಮ. ವರ್ಷದ ಖಾರಪುಡಿಯ ಕೆಲಸ ಹಿಡಿದಿದ್ದೆವು. ನಾನು, ಅವಳು, ಪಕ್ಕದ ಮನೆಯ ದ್ಯಾಮಕ್ಕ ಅಂಗಳದ ಒರಳಿನ ಸುತ್ತ ನಿಂತು ಧಡ್ ಧಡ್ ಎಂದು ಒನಕೆ ಹಾಕುತ್ತಿದ್ದೆವು.

ಅಷ್ಟರಲ್ಲಿ ಮೇಷ್ಟ್ರು ಬಂದರು, ಘಾಟಿಗೆ ಸೀನುತ್ತಲೇ ಕಟ್ಟೆಯ ಮೇಲೆ ಕುಳಿತರು. ಉಜ್ಜಿನಪ್ಪ ಕೈ ಮುಗಿದ. "ತಪ್ಪು ತಿಳೀಬ್ಯಾಡ್ರಿ ಮಾಸ್ತರ್ರ, ನನ್ನ ಕೈಲಿ ಆಗಂಗಿಲ್ಲ."

"ಹೋಗ್ಲಿ ಬಿಡ್ರಿ. ನನಗಾದ್ರೂ ಹೇಳ್ರಿ, ಮುಂದಿನ ರೋಲರಿಗಿಂತ ಹಿಂದಿಂದಕ್ಕ ಸಂದು ಯಾಕ ಕಡಿಮಿ ಇಡ್ತೀರಿ?"

ಉಜ್ಜಿನಪ್ಪ ಒಳಗಿನಿಂದ ಎರಡು ಲಟ್ಟಣಿಗೆ ತಂದ. ಒದ್ದೆ ಟವೆಲನ್ನು ನಡುವೆ ಸಿಕ್ಕಿಸಿ ಹಿಂಡಿದ. "ಮೊದಲಿಗೇ ಬಿಗಿ ಹಿಡದ್ರ ಕಬ್ಬು ಸಿಕ್ಕಂಡು ಗಂಟಲು ಕಟ್ತೈತಿ. ಕಡೀಗೆ ಸಡ್ಲ ಬಿಟ್ರ ರಸ ಎಲ್ಲ ಸಿಪ್ಪಿ ಕೂಡ ಹೋಕೈತಿ…" ಒನಕೆಯ ಸದ್ದಿಗೆ ಸರಿಯಾಗಿ ದನಿ ಎತ್ತಿ, ತಗ್ಗಿಸಿ, ನಗುತ್ತ, ಬೈಯುತ್ತ ಹೇಳುತ್ತಲೇ ಹೋದ. ದ್ಯಾಮಕ್ಕ ತೋಳು ನೋವಾಗಿ ಒನಕೆ ನಿಲ್ಲಿಸಿದಳು, ನಾವೂ ನಿಲ್ಲಿಸಿದೆವು. ಅವನ ಮಾತು ಅಲ್ಲಿಗೇ ಕಡಿಯಿತು.

ಮೇಷ್ಟ್ರು ನಮ್ಮತ್ತ ತಿರುಗಿದರು. "ನಿಲ್ಲಿಸಬ್ಯಾಡ್ರಿ ತಾಯಿ, ಕುಟ್ರಿ, ಕುಟ್ರಿ!"

ಮರುದಿನ ಕಾಲೇಜು ನಮ್ಮ ಅಂಗಳಕ್ಕೆ ಬಂತು. ಮೇಷ್ಟ್ರು ಅರ್ಧ ಹುಡುಗರಿಗೆ ಒನಕೆ ಕೊಟ್ಟರು, ಉಳಿದವರನ್ನು ಉಜ್ಜಿನಪ್ಪನ ಮುಂದೆ ಕೂರಿಸಿದರು. ಆಮೇಲೆ ಅದಲು ಬದಲು. ಗದ್ದಲದಲ್ಲಿ ಕೇಳಿಸದ ಮಾತಿಗೆ ಅವನು ಮೊದಲು ಸನ್ನೆ ಕಲಿಸಿದ. ಕರ್ನೂಲಿನ ಹುಡುಗನಿಗೆ ತೆಲುಗಿನಲ್ಲಿ ಹೇಳಿದ, ನಮ್ಮ ಕಡೆಯವರಿಗೆ ಕನ್ನಡದಲ್ಲಿ, ಎರಡೂ ಬಾರದ ಮದರಾಸಿನವರಿಗೆ ಕೈಯಲ್ಲೇ. ಮಧ್ಯಾಹ್ನ ಕಾರ್ಖಾನೆಗೆ ಕರೆದೊಯ್ದು ಬೆಳಗ್ಗೆ ಹೇಳಿದ್ದನ್ನು ಮುಟ್ಟಿಸಿ ತೋರಿಸುತ್ತಿದ್ದ. ನಮ್ಮ ಮೆಣಸಿನಕಾಯಿ ಮುಗಿದಾಗ ಓಣಿಯವರೆಲ್ಲ ತಮ್ಮ ತಮ್ಮ ಮೆಣಸಿನಕಾಯಿ ಚೀಲ ಹೊತ್ತು ತಂದರು. "ಓದಿದ ಕೈಯಾಗ ಪುಡಿ ಭಾಳ ನುಣ್ಣಗ ಬರ್ತೈತಿ," ಅಂದಳು ದ್ಯಾಮಕ್ಕ.

ಕೊನೆಯ ದಿನ ದೊಡ್ಡ ಸಾಹೇಬರು ಬಂದರು. ಬಾಗಿಲಲ್ಲೇ ಸೀನಿದರು, ಒಳಗೆ ಬಂದು ಮತ್ತೆ ಸೀನಿದರು. ಕೋಟಿನವರನ್ನು ಕಂಡು ಉಜ್ಜಿನಪ್ಪನ ಮುಖ ಬಿಳಿಚಿತು. ಕೊಟ್ರಬಸಮ್ಮ ಒರಳಿನ ಕಡೆಯಿಂದ ಮುಷ್ಟಿ ತಿರುವಿ ತೋರಿಸಿದಳು: ಬಿಗಿ ಮಾಡ್ಕೊಳ್ರಿ. ಅವನು ನಕ್ಕು, ಪಾಠ ಮುಂದುವರಿಸಿದ. ಯಂತ್ರ ಕೆಟ್ಟರೆ ಮೊದಲು ಏನು ಮಾಡುತ್ತೀ ಎಂದು ಸಾಹೇಬರು ಒಬ್ಬ ಹುಡುಗನಿಗೆ ಇಂಗ್ಲಿಷಿನಲ್ಲಿ ಕೂಗಿ ಕೇಳಿದರಂತೆ. ಹುಡುಗ ಅಭ್ಯಾಸಬಲದಿಂದ ಅಂಗೈ ಕೆಳಗೆ ಮಾಡಿ, ಕಿವಿ ಮುಟ್ಟಿಕೊಂಡು ತೋರಿಸಿದ. ಸಾಹೇಬರು ಕಕ್ಕಾಬಿಕ್ಕಿಯಾಗಿ ಉಜ್ಜಿನಪ್ಪನ ಮುಖ ನೋಡಿದರು. ಇವನು ಕೂಗಿದ: "ಬರೋಬ್ಬರಿ ಹೇಳ್ಯಾನ್ರಿ! ಉಗಿ ತಗ್ಗಿಸಿ, ಸದ್ದು ಎಲ್ಲಿ ಬದಲಾಗೈತಿ ಕೇಳ್ರಿ ಅಂತಾನ!" ಮೇಷ್ಟ್ರು ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಸಾಹೇಬರು ಹೊಟ್ಟೆ ಹಿಡಿದು ನಕ್ಕರು.

ಊಟಕ್ಕೆ ಕುಳಿತಾಗ ಅವರು ಹೇಳಿದ್ದನ್ನು ಮೇಷ್ಟ್ರು ನಮಗೆ ತಿಳಿಸಿದರು: "ಪಾಠ ಪ್ರತಿ ವರ್ಷ ಇರ್ಲಿ ಅಂತಾರ. ಆದ್ರ ಬ್ಯಾಸಗಿ ಬ್ಯಾಡ, ಕಬ್ಬು ಅರಿಯೋ ಕಾಲದಾಗ ಹುಡುಗರನ್ನ ಕಳಿಸ್ತಾರಂತ."

ಉಜ್ಜಿನಪ್ಪ ಎದ್ದು ಹೋಗಿ ಸಾಹೇಬರ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದ.

ಚಳಿಗಾಲದಲ್ಲಿ ಹುಡುಗರು ಬಂದರು. ಒಂದು ದಿನ ಬುತ್ತಿ ಕೊಡಲು ನಾನೇ ಕಾರ್ಖಾನೆಗೆ ಹೋದೆ. ನೆಲ ಗಡಗಡ ನಡುಗುತ್ತಿತ್ತು, ಬೆಲ್ಲದ ವಾಸನೆ, ಉಗಿ. ರೋಲರುಗಳ ಹತ್ತಿರ ಹುಡುಗರು ಉಜ್ಜಿನಪ್ಪನ ಸುತ್ತ ಬಗ್ಗಿ ನಿಂತಿದ್ದರು. ಅವನ ಒಂದು ಮಾತೂ ನನಗೆ ಕೇಳಿಸಲಿಲ್ಲ. ಬಾಯಿ ಮಾತ್ರ ಆಡುತ್ತಲೇ ಇತ್ತು, ಹುಡುಗರು ತಲೆಯಾಡಿಸುತ್ತಲೇ ಇದ್ದರು. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ನಾನು ಸದ್ದಿಲ್ಲದೆ ಬಂದುಬಿಟ್ಟೆ.