ಗಾಡಿಯ ಹಿಂದೆ ಕೂತವಳು ಕಂಡ ದಾರಿ

ದಾರಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮ ತುಮಕೂರು ಸೀಮೆಯಲ್ಲಿ ಯಾರನ್ನೇ ಕೇಳಿ, "ಇಲ್ಲೇ ಮುಂದೆ, ಸೀದಾ ಹೋಗಿ" ಅನ್ನುತ್ತಾರೆ. ಸೀದಾ ಹೋದರೆ ರಸ್ತೆ ಎರಡಾಗಿರುತ್ತದೆ. ವಾಪಸ್ ಬಂದು ಕೇಳೋಣವೆಂದರೆ, ಹೇಳಿದ ಮನುಷ್ಯ ಟೀ ಕುಡಿಯಲು ಹೋಗಿರುತ್ತಾನೆ. ಹಾಗಾಗಿ ನಾನು ಬುಲೆಟ್ಟಿನ ಹ್ಯಾಂಡಲ್ಲಿಗೆ ಫೋನು ಸಿಕ್ಕಿಸಿಕೊಂಡು ಅದು ಹೇಳಿದಂತೆ ಹೋಗುವವಳು. ವಾರವೆಲ್ಲ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಬೋಲ್ಟುಗಳ ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸ. ಭಾನುವಾರ ಬಂದರೆ ದೇವರಾಯನದುರ್ಗವೋ ಮತ್ತೊಂದೋ, ಒಬ್ಬಳೇ ಸುತ್ತಾಟ. ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಹಿಂದೆ ಕೂತವರಿಗೆ ಬಾಯಿ ಜಾಸ್ತಿ.

ಆ ನಿಯಮ ಮುರಿದದ್ದು ಗಂಗಲಕ್ಷ್ಮಮ್ಮನವರಿಗಾಗಿ. ಕ್ಯಾತ್ಸಂದ್ರದಲ್ಲಿ ನಾನಿರುವುದು ಅವರ ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಮೆಟ್ಟಿಲ ಕೆಳಗೆ ಅವರ ಹೊಲಿಗೆ ಮೆಷಿನ್ನು. ಸುತ್ತಮುತ್ತಲ ಹಾಸ್ಟೆಲುಗಳ ಹುಡುಗರೆಲ್ಲ ಪ್ಯಾಂಟು ಗಿಡ್ಡ ಮಾಡಿಸಲು, ಹರಿದ ಜೇಬು ಹೊಲಿಸಲು ಅಲ್ಲಿಗೇ ಬರಬೇಕು. "ಜೇಬಲ್ಲಿ ಕಲ್ ತುಂಬ್ಕೊಂಡು ತಿರುಗ್ತೀಯೇನ್ಲಾ?" ಎಂದು ಬೈಸಿಕೊಳ್ಳದೆ ಯಾವನೂ ಹೋದದ್ದಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ವಯಸ್ಸು ಅರವತ್ತು ದಾಟಿದ್ದರೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಿಲ್ಲ. ನಾನು ಒಮ್ಮೆ "ಆಂಟಿ" ಅಂದಿದ್ದಕ್ಕೆ ಕತ್ತರಿ ಕೆಳಗಿಟ್ಟು, "ಅತ್ತೆ ಅನ್ನೋಕೆ ನಾಲಿಗೆ ಹೊರಳಲ್ವಾ?" ಎಂದು ಕೇಳಿದರು. ಅವತ್ತಿನಿಂದ ಅತ್ತೆ.

ಅತ್ತೆಯನ್ನು ಸಾಕಿದ ತಾಯಿ ಗುಬ್ಬಿಯವರು. ಹೋದ ವರ್ಷ ತೀರಿಕೊಂಡರು. ವರ್ಷದ ತಿಥಿ ಮುಗಿಸಿ ಬಂದ ಸಂಜೆ ಅತ್ತೆ ನನ್ನನ್ನು ಕರೆದು ಕೂರಿಸಿಕೊಂಡು, ನಾನು ಕೇಳದೆಯೇ ಒಂದು ವಿಷಯ ಹೇಳಿದರು. ಅವರನ್ನು ಹೆತ್ತವರು ಕುಣಿಗಲ್ ಕಡೆಯವರಂತೆ. ಮನೆ ತುಂಬ ಹೆಣ್ಣುಮಕ್ಕಳು. ಗುಬ್ಬಿಯ ದೂರದ ನೆಂಟರಿಗೆ ಮಕ್ಕಳಿರಲಿಲ್ಲ. ಮಾತಾಯಿತು, ಕಡೇ ಮಗುವನ್ನು ಎತ್ತಿನಗಾಡಿ ಹತ್ತಿಸಿ ಕಳಿಸಿದರು. ಇನ್ನೂ ಶಾಲೆಗೆ ಸೇರದ ವಯಸ್ಸು.

"ಗಾಡಿ ಹೊರಡ್ತಿದ್ದಂಗೆ ಅವ್ವ ಒಳಕ್ಕೆ ಹೋದ್ಲು ಕಣೇ, ಬಾಗ್ಲು ಹಾಕ್ಕಂಡ್ಲು," ಎಂದರು ಅತ್ತೆ. "ನಾಯಿನ ಕಳಿಸೋವಾಗ್ಲೂ ಮನೆಯೋರು ಒಂದ್ ಗಳಿಗೆ ನಿಂತ್ಕಂಡು ನೋಡ್ತಾರೆ. ಅವ್ಳು ನನ್ನ ನೋಡ್ಲೇ ಇಲ್ಲ. ಯಾಕೆ ಅಂತ ತಿಳ್ಕಬೇಕು. ಅಷ್ಟೇ ನಂಗೆ ಬೇಕಾಗಿರೋದು."

ಇಷ್ಟು ವರ್ಷ ಯಾಕೆ ಹುಡುಕಲಿಲ್ಲ ಎಂದು ಕೇಳಿದೆ. ಮದುವೆಗೆ ಮುಂಚೆ ಒಂದು ಸಲ ಊರ ಹೆಸರು ವಿಚಾರಿಸಿದ್ದರಂತೆ. ಸಾಕಿದ ತಾಯಿ ಮಾತಾಡದೆ ಎದ್ದು ಹೋಗಿ, ಅವತ್ತು ಮಾರನೇ ದಿನ ಎರಡೂ ದಿನ ಊಟ ಮುಟ್ಟಲಿಲ್ಲ. "ಎತ್ತಿ ಆಡ್ಸಿದೋಳು ಅವ್ಳು. ಅವ್ಳಿರೋವರ್ಗೂ ಆ ಮಾತು ಬೇಡ ಅಂತ ಸುಮ್ಕಾದೆ," ಎಂದರು. ಅರ್ಧ ಶತಮಾನ ಒಂದು ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಡುಗರ ಜೇಬು ಹೊಲಿಯುತ್ತಾ ಕೂತಿದ್ದರಲ್ಲ ಎಂದುಕೊಂಡೆ.

ಊರ ಹೆಸರು ಮಾತ್ರ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಅವರ ಬಾಯಲ್ಲಿ ಅದು ಬರೀ ಪಾಳ್ಯ. ಕುಣಿಗಲ್ ಸುತ್ತ ಪಾಳ್ಯ ಎಂದು ಫೋನಿನಲ್ಲಿ ಹುಡುಕಿದೆ. ಮ್ಯಾಪಿನ ತುಂಬ ಸಿಡುಬು ಎದ್ದಂತೆ ಕೆಂಪು ಗುರುತುಗಳು. ಇರಲಿ, ಒಂದೊಂದಾಗಿ ನೋಡೋಣ ಎಂದೆ. ನನಗೆ ಹಟ ಬಂದರೆ ಹಾಗೆಯೇ.

ಭಾನುವಾರ ಬೆಳಿಗ್ಗೆ ಕೆಳಗಿಳಿದು ಬಂದರೆ ಅತ್ತೆ ಚೂಡಿದಾರ್ ಹಾಕಿಕೊಂಡು ನಿಂತಿದ್ದಾರೆ! ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಕದ್ದುಮುಚ್ಚಿ ತಾವೇ ಹೊಲಿದುಕೊಂಡಿದ್ದಾರೆ. "ಒಂದ್ ಕಡೆಗೆ ಕಾಲ್ ಇಳಿಬಿಟ್ಟು ಕೂತ್ರೆ ಅರ್ಧ ಪ್ರಪಂಚಾನೇ ಕಾಣಲ್ಲ. ಏನ್ ನೋಡ್ತಿದೀಯ, ಕಿಕ್ ಹೊಡಿ," ಎಂದರು. ಹೊಡೆದೆ.

ಗುಬ್ಬಿಯಲ್ಲಿ ತಿಂಡಿ ತಿಂದು ದಕ್ಷಿಣಕ್ಕೆ ಇಳಿದೆವು. ಮೊದಲ ಪಾಳ್ಯಕ್ಕೆ ಫೋನು ಕರೆದುಕೊಂಡು ಹೋಯಿತು. ಅಲ್ಲಿ ಒಂದು ಕೋಳಿ ಫಾರಂ ಬಿಟ್ಟರೆ ಏನೂ ಇರಲಿಲ್ಲ. ಎರಡನೆಯದಕ್ಕೆ ಹೋಗುವ ರಸ್ತೆ ಯಾರದೋ ತೆಂಗಿನ ತೋಟದ ಬೇಲಿಗೆ ಬಂದು ಮುಗಿದು, ಅವರ ನಾಯಿ ನನ್ನ ಬೂಟು ಹಿಡಿಯಿತು. ನಾನು ಫೋನನ್ನೂ ನಾಯಿಯನ್ನೂ ಒಟ್ಟಿಗೆ ಬೈದೆ. ಅತ್ತೆ ಮಾತ್ರ ಬಾಯಿ ಬಿಡಲಿಲ್ಲ. ಹಿಂದೆ ಕೂತವರು ಇಷ್ಟು ಸುಮ್ಮನಿದ್ದದ್ದು ನನ್ನ ಅನುಭವದಲ್ಲೇ ಇರಲಿಲ್ಲ.

ಕಡಬದ ಕೆರೆ ಏರಿಯ ಮೇಲೆ ಬಂದಾಗ ಅವರ ಕೈ ನನ್ನ ಭುಜವನ್ನು ಹಿಂಡಿತು.

"ನಿಲ್ಸೇ. ಇದನ್ನ ನಾನ್ ನೋಡಿದೀನಿ."

"ಕಡಬ ಕೆರೆ ಅತ್ತೆ, ಎಲ್ರೂ ನೋಡಿರ್ತಾರೆ."

"ಹಂಗಲ್ಲ ಕಣೇ. ನೀರು ಇದೇ ಕೈಗಿತ್ತು. ಏರಿ ಆ ತುದೀಲಿ ಬಳುಕ್ತದಲ್ಲ, ಅಲ್ಲಿಂದ ಗಾಡಿ ಬಂತು. ಬಳುಕಿದ ತಕ್ಷಣ ಒಂದು ಮಂಟಪ ಐತೆ, ನೋಡು ಬೇಕಾದ್ರೆ."

ಏರಿ ತಿರುಗಿದ ಕೂಡಲೇ, ಲಂಟಾನ ಪೊದೆಯೊಳಗೆ, ಒಂದು ಕಂಬ ಬಿದ್ದುಹೋದ ಕಲ್ಲಿನ ಮಂಟಪ. ಇದು ಫೋನಿನಲ್ಲೂ ಇರಲಿಲ್ಲ.

ಮುಂದೆ ಕವಲು ಬಂತು. ಡಾಂಬರು ಬಲಕ್ಕೆ, ಮಣ್ಣಿನ ದಾರಿ ಎಡಕ್ಕೆ. ನಾನು ಡಾಂಬರಿಗೆ ತಿರುಗಿಸುವಷ್ಟರಲ್ಲಿ ಹಿಂದಿನಿಂದ ಬೆನ್ನಿಗೆ ಗುದ್ದು ಬಿತ್ತು. "ಮಣ್ಣಿಂದು!" ಹೋದೆ. ಮತ್ತೊಂದು ಕವಲು, ಮತ್ತೆ ಒಂದು ಗುದ್ದು. ಒಂದು ಗೋಣಿಮರ, ತಲೆ ಒಡೆದ ಬಸವನ ಕಲ್ಲು, ದೂರದಲ್ಲಿ ಹೆಬ್ಬೆಟ್ಟು ಒತ್ತಿದ ಮುದ್ದೆಯಂಥ ಒಂದು ಗುಡ್ಡ. ಅವರು ಬಾಯಲ್ಲಿ ಹೇಳುತ್ತಿದ್ದರು, ನನ್ನ ಕಣ್ಣಿಗೆ ಒಂದೊಂದೇ ಸಿಗುತ್ತಾ ಹೋಯಿತು. ನನಗೆ ಭಯವೇ ಆಯಿತು. ಆ ದಾರಿಯಲ್ಲಿ ಅವರು ಹೋದದ್ದು ಒಂದೇ ಒಂದು ಸಲ, ಅದೂ ಹಾಲುಹಲ್ಲಿನ ವಯಸ್ಸಿನಲ್ಲಿ.

ಬೈಕು ನಿಲ್ಲಿಸಿ ಕೇಳಿಯೇಬಿಟ್ಟೆ. "ನಾನು ಹೋದ್ವಾರ ಹೋದ ರಸ್ತೇಲೇ ವಾಪಸ್ ಬರೋವಾಗ ದಾರಿ ತಪ್ತೀನಿ. ಎದುರಿಂದ ನೋಡಿದ್ರೆ ಎಲ್ಲಾ ಬೇರೆ ಥರ ಕಾಣುತ್ತೆ. ನಿಮಗೆ ಹೆಂಗತ್ತೆ?"

ಅತ್ತೆಗೂ ಆಗಲೇ ತಿಳಿದದ್ದು ಅಂತ ಕಾಣುತ್ತದೆ. "ನಾನು ಗಾಡಿ ಹಿಂದ್ಗಡೆ ಕಾಲ್ ಇಳಿಬಿಟ್ಕಂಡು ಕೂತಿದ್ದೆ. ಮುಂದೆ ತಿರುಗಿ ಕೂತ್ಕ ಅಂತ ಎಷ್ಟ್ ಹೇಳಿದ್ರೂ ಕೂರ್ಲಿಲ್ಲ. ಯಾರಾದ್ರೂ ಓಡ್ಬಂದು ಇಳಿಸ್ಕತಾರೇನೋ ಅಂತ ಗುಬ್ಬಿ ತಂಕ ಹಿಂದಕ್ಕೇ ನೋಡ್ತಾ ಬಂದೆ. ಇವತ್ತು ನೀನು ಕರ್ಕಂಡ್ ಹೋಗ್ತಿರೋ ದಾರಿ ನಂಗೆ ಅವತ್ ಕಂಡಂಗೇ ಕಾಣ್ತೈತೆ."

ನಾನು ಆ ಮಣ್ಣಿನ ರಸ್ತೆಯ ನಡುವೆ ಬೈಕಿನ ಮೇಲೆ ಕಾಲೂರಿಕೊಂಡು ಹಾಗೆಯೇ ನಿಂತೆ. ಊರು ಬಿಡುವವರೆಲ್ಲ ಮುಂದಕ್ಕೆ ನೋಡಿಕೊಂಡು ಹೋಗುತ್ತೇವೆ. ನಮಗೆ ಗೊತ್ತಿರುವುದು ಹೋಗುವ ದಾರಿ ಮಾತ್ರ. ಈ ಹೆಂಗಸು ಹೋಗುವಾಗಲೇ ಬರುವ ದಾರಿಯನ್ನು ಕಲಿತುಕೊಂಡು, ಒಂದು ಕವಲೂ ಬಿಡದೆ ಇಷ್ಟು ವರ್ಷ ಇಟ್ಟುಕೊಂಡಿದ್ದಳು. ನಾನು ಫೋನನ್ನು ಹ್ಯಾಂಡಲ್ಲಿನಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಎಲ್ಲವೂ ಸಲೀಸಾಗಿ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಸಿ.ಎಸ್. ಪುರದ ಈಚೆ ಒಂದು ಕಡೆ ಅತ್ತೆಗೆ ಏನೂ ನೆನಪಾಗಲಿಲ್ಲ. "ಇಲ್ಲಿ ನಿದ್ದೆ ಬಂದ್ಬಿಟ್ಟಿತ್ತು ಅನ್ಸುತ್ತೆ," ಎಂದರು ನಾಚಿಕೊಂಡು. ಮೇಕೆ ಕಾಯುತ್ತಿದ್ದ ಚಿಕ್ಕಬೋರಯ್ಯ ಎಂಬ ಮುದುಕರನ್ನು ಹಳೇ ಬಂಡಿಜಾಡು ಯಾವುದು ಎಂದು ಕೇಳಿದೆವು. ಅವರು ತಮ್ಮ ಕೋಲೆತ್ತಿ, "ಇಲ್ಲೇ ಮುಂದೆ, ಸೀದಾ," ಎಂದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಆದರೆ ಅವತ್ತು ಅದು ಸೀದಾನೇ ಇತ್ತು.

ಆಮೇಲೆ ಹೇಮಾವತಿ ನಾಲೆ. ಸಾಲು ಹುಣಸೆಮರಗಳ ನಡುವೆ ಬರುತ್ತಿದ್ದ ದಾರಿ ನಾಲೆಯ ಏರಿಗೆ ಬಂದು ಮುಗಿದೇಹೋಯಿತು. ಎದುರಿಗೆ ಸಿಮೆಂಟಿನ ದಡ, ತುಂಬು ನೀರು. "ಇದು ಇರ್ಲಿಲ್ಲ," ಎಂದರು ಅತ್ತೆ. ಎರಡು ಮೂರು ಸಲ ಅದನ್ನೇ ಅಂದರು. ದೂರದ ಸೇತುವೆ ದಾಟಿ ಆಚೆ ಹೋದರೆ ಅವರಿಗೆ ಯಾವುದೂ ಗುರುತು ಸಿಗಲಿಲ್ಲ. ಎಡಕ್ಕೆ ಎಂದರು, ಅಲ್ಲ ಎಂದರು. ತಲೆಯ ಮೇಲೆ ಬಿಸಿಲು. ಏರಿಯ ಮೇಲೆ ಕುಕ್ಕರಿಸಿ ಕೂತು, "ಬುಡು ಮಾಲಿನಿ, ವಾಪಸ್ ಹೋಗಾನ. ತಿಳ್ಕಂಡು ಯಾರಿಗೇನಾಗ್ಬೇಕು," ಎಂದರು. ಹುಡುಗರ ಮೇಲೆ ರೇಗುವ ಆ ಗಂಟಲು ಎಲ್ಲಿ ಹೋಯಿತೋ.

ಸಂಕಟವಾದಾಗ ನನಗೆ ಬರುವುದು ಕೋಪವೇ. "ಎದ್ದೇಳಿ ಅತ್ತೆ," ಎಂದು ಗದರಿಸಿದೆ. ಅವರನ್ನು ಕೂರಿಸಿಕೊಂಡು ನಾಲೆಯ ಏರಿ ಮೇಲೇ ಹಿಂದಕ್ಕೆ ಬಂದೆ. ಆಚೆ ದಡದಲ್ಲಿ ಹುಣಸೆ ಸಾಲು ಎಲ್ಲಿ ನಿಂತಿತ್ತೋ ಅದಕ್ಕೆ ಸರಿಯಾಗಿ ಎದುರಿಗೆ ಈಚೆ ದಡದಲ್ಲಿ ಬೈಕು ನಿಲ್ಲಿಸಿ, ನಾಲೆಗೆ ಬೆನ್ನು ಮಾಡಿ ತಿರುಗಿಸಿದೆ. ಈಚೆಗೂ ಎರಡು ಮುದಿ ಹುಣಸೆಮರ ಉಳಿದಿದ್ದವು. "ಈಗ ನೋಡಿ. ಗಾಡಿ ಹಿಂದ್ಗಡೆ ಕೂತಿದೀರಿ."

ಅತ್ತೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಗುದ್ದಲಿಲ್ಲ, ಕೈ ಚಾಚಿ ದಾರಿ ತೋರಿಸಿದರು.

ಅದು ಇಪ್ಪತ್ತು ಮನೆಯಿದ್ದರೆ ಹೆಚ್ಚು ಅನ್ನುವಂಥ ಊರು. ತೆಂಗಿನ ತೋಟಗಳ ನಡುವೆ, ಒಂದು ಭಾರಿ ಬಂಡೆಯ ಬುಡಕ್ಕೆ ಒರಗಿಕೊಂಡಿತ್ತು. ಅತ್ತೆಯ ಮನೆಯ ಜಾಗದಲ್ಲಿ ಈಗ ಆರ್‌ಸಿಸಿ ಮನೆ, ಬೇರೆಯವರದು. ಪಕ್ಕದ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಒಬ್ಬ ಹಣ್ಣುಮುದುಕಿ ನಮ್ಮನ್ನು ಕಣ್ಣು ಕಿರಿದು ಮಾಡಿ ನೋಡಿದರು. ಹೆಸರು ಮರಿಯಮ್ಮ.

"ಯಾರ್ ಕಡೆಯೋರವ್ವಾ?"

"ಈ ಮನೇಲಿ ಹೆಣ್ಮಕ್ಳು ಜಾಸ್ತಿ ಇದ್ರಲ್ಲ," ಎಂದರು ಅತ್ತೆ, "ಅವ್ರಲ್ಲಿ ಒಂದನ್ನ ಗುಬ್ಬಿಗೆ ಕೊಟ್ರಲ್ಲ…"

ಮುದುಕಿಯ ಕೈಯಿಂದ ಹುಣಸೆಹಣ್ಣು ಜಾರಿತು. "ಲಚ್ಚೀ? ನೀನು ಲಚ್ಚಿ ಏನೇ?"

ಅಳು, ನೀರು, ಬೆಲ್ಲ ಎಲ್ಲ ಆಯಿತು. ಅಕ್ಕಂದಿರು ಯಾವ ಯಾವ ಊರಿಗೆ ಮದುವೆಯಾಗಿ ಹೋದರು ಎಂದು ಮರಿಯಮ್ಮ ಹೇಳಿದರು. ಅವ್ವ ಸತ್ತು ಎಷ್ಟೋ ಕಾಲವಾಗಿತ್ತು. ಅತ್ತೆ ತಲೆಯಾಡಿಸುತ್ತಾ ಎಲ್ಲ ಕೇಳಿಸಿಕೊಂಡರು. ಕೊನೆಗೆ ಲೋಟ ಕೆಳಗಿಟ್ಟು ನೇರವಾಗಿ ಕೇಳಿದರು.

"ಅವತ್ತು ಅವ್ವ ಯಾಕೆ ಬಾಗ್ಲಾಕ್ಕಂಡ್ಲು?"

"ಬಾಗ್ಲಾಕಿದ್ದು ಅವ್ಳಲ್ಲ ಕಣವ್ವ, ನಾನು," ಎಂದರು ಮರಿಯಮ್ಮ. "ಮಗೀನ್ ಕೊಟ್ಟ ತಾಯಿ ಬಾಗ್ಲಲ್ಲಿ ನಿಂತು ನೋಡ್ಬಾರ್ದು ಅನ್ನೋರು ನಮ್ ಕಡೆ. ನೋಡಿದ್ರೆ ಮಗು ಹೋದ ಮನೇಲಿ ಬೇರ್ ಬಿಡಲ್ಲ ಅಂತ. ನಾವ್ ನಾಕ್ ಜನ ಹೆಂಗಸ್ರು ಸೇರ್ಕಂಡು ಅವ್ಳನ್ನ ಒಳಕ್ಕೆಳ್ಕಂಡು ಅಗಳಿ ಹಾಕಿದ್ವಿ. ಗಾಡಿ ಸದ್ದು ನಿಲ್ತಿದ್ದಂಗೆ ಹಿತ್ಲ ಬಾಗ್ಲಿಂದ ಓಡೋದ್ಲು. ಹುಡುಕ್ಕಂಡ್ ಹೋದ್ರೆ, ಅಗೋ, ಆ ಬಂಡೆ ನೆತ್ತಿ ಮೇಲ್ ನಿಂತವ್ಳೆ. ಬಾಗ್ಲಲ್ಲಿ ಬೇಡ ಅಂದ್ರಿ, ಬಂಡೆ ಮೇಲ್ ಬೇಡ ಅಂದ್ರಾ ಅಂದ್ಲು. ಹೊತ್ತು ನೆತ್ತಿಗೆ ಬರೋವರ್ಗೂ ಇಳೀಲಿಲ್ಲ."

ಅತ್ತೆ ಎದ್ದರು. ಯಾರಿಗೂ ಏನೂ ಹೇಳದೆ ಹಿತ್ತಲ ಕಡೆಗೆ ನಡೆದರು. ನಾನು ಹಿಂದೆಯೇ ಓಡಿದೆ. ಬಂಡೆ ಕಡಿದಾಗಿತ್ತು. ನಾನು ಎರಡು ಕಡೆ ಜಾರಿದೆ. ಅವರು ಚಪ್ಪಲಿ ಬಿಟ್ಟು, ಕೈಯೂರಿಕೊಂಡು, ಎಲ್ಲೂ ನಿಲ್ಲದೆ ಹತ್ತಿದರು.

ನೆತ್ತಿಯ ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ನಾವು ಬಂದ ದಾರಿಯಷ್ಟೂ ಬಿಚ್ಚಿಕೊಂಡು ಬಿದ್ದಿತ್ತು. ಎರಡು ಹುಣಸೆಮರ, ನಾಲೆ, ಆಚೆಗೆ ಹುಣಸೆ ಸಾಲು, ಅದರಾಚೆ ರಾಗಿ ಹೊಲಗಳ ನಡುವೆ ಎದ್ದು ಮುಳುಗುವ ಕೆಂಪು ಜಾಡು, ಹೆಬ್ಬೆಟ್ಟು ಒತ್ತಿದ ಆ ಗುಡ್ಡದವರೆಗೂ. ಇಷ್ಟು ದೊಡ್ಡ ನೋಟವನ್ನು ನಾನು ದೇವರಾಯನದುರ್ಗದ ಮೇಲೂ ಕಂಡಿರಲಿಲ್ಲ. ಒಬ್ಬ ತಾಯಿ ಇಲ್ಲಿ ನಿಂತು ಒಂದು ಗಾಡಿ ಚುಕ್ಕೆಯಾಗುವುದನ್ನು ನೋಡಿದ್ದಾಳೆ ಎಂದು ಅಂದುಕೊಂಡ ಕೂಡಲೇ ನನ್ನ ಕಣ್ಣು ತುಂಬಿತು. ನಾನು ಅಳುವವಳಲ್ಲ.

"ಬೆಳಗ್ಗೆ ಹೊತ್ತು. ಬಿಸಿಲು ನನ್ ಕಣ್ಣಿಗೆ ಹೊಡೀತಿತ್ತು," ಎಂದರು ಅತ್ತೆ. "ಮೇಲೆ ನೋಡಕ್ಕಾಗ್ಲಿಲ್ಲ. ಅವ್ಳಿಗೆ ಬಿಸ್ಲು ಬೆನ್ನಿಗಿತ್ತು. ಅವ್ಳಿಗೆ ಕಂಡಿರ್ತದೆ." ಆಮೇಲೆ ನನ್ನ ಕಡೆ ತಿರುಗಿದರು. ಮುಖದ ಮೇಲೆ ಐದು ವರ್ಷದ ಮಗುವಿನ ಆಸೆ. "ಕೆಂಪು ಲಂಗ ಹಾಕ್ಸಿದ್ರು ಕಣೇ ನಂಗೆ. ಗಾಡಿ ಹಿಂದ್ಗಡೆ ಇದ್ದೆ, ಮುಖ ಇತ್ಲಾಗೇ ಇತ್ತು. ಅಷ್ಟು ದೂರಕ್ಕೆ ಕಾಣಿಸಿರುತ್ತಲ್ವಾ?"

ನಾನು ಬೋಲ್ಟುಗಳ ಅಳತೆ ನೋಡುವವಳು. ಸಮಾಧಾನಕ್ಕೆಂದು ಸುಳ್ಳು ಹೇಳಲು ಬರುವುದಿಲ್ಲ. ದಾರಿಯನ್ನೇ ಹುಡುಕಿದೆ. ಹುಣಸೆ ಸಾಲಿನ ಆಚೆ, ಗುಡ್ಡದ ಬುಡದಲ್ಲಿ, ಯಾರೋ ಟಿವಿಎಸ್ ಮೇಲೆ ಹೋಗುತ್ತಿದ್ದರು. ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ. ಹಿಂದೆ ಕಟ್ಟಿದ್ದ ಪ್ಲಾಸ್ಟಿಕ್ ಬಿಂದಿಗೆ ಮಾತ್ರ ಕಣ್ಣಿಗೆ ಹೊಡೆಯುವಷ್ಟು ಕೆಂಪಗೆ ಕಾಣುತ್ತಿತ್ತು.

ನಾನು ಬೆರಳು ತೋರಿಸಿದೆ. ಅದು ಗುಡ್ಡದ ಮರೆಗೆ ಹೋಗುವವರೆಗೂ ಅತ್ತೆ ನಿಂತು ನೋಡಿದರು.